ಅಣ್ಣಾವ್ರಿಲ್ಲದ ಚಿತ್ರಗಳು

ನಮಸ್ಕಾರ, ಕೇಳುಗರೇ.

ಟೆಂಟಿನಲ್ಲಿ ಸಿನಿಮಾ ಶುರುವಾಗಿ ಹೆಸರುಗಳು ಬರುವ ಹೊತ್ತಿಗೆ ನಾವು ಕಡ್ಲೆಕಾಯಿ ಪೊಟ್ಟಣ ಬಿಚ್ಚುತ್ತಾ ಕೂತಿರುತ್ತಿದ್ದೆವು. ತೆರೆಯ ಮೇಲೆ ಪಾರ್ವತಮ್ಮ ರಾಜಕುಮಾರ್ ಅಂತ ಬಂದರೆ, "ಅಣ್ಣಾವ್ರ ಹೆಂಡ್ತಿ ಅಲ್ವಾ, ಸುಮ್ನೆ ಹೆಸರು ಹಾಕಿರ್ತಾರೆ" ಅಂದುಕೊಳ್ಳುತ್ತಿದ್ದೆ. ಎಂಥ ದಡ್ಡತನ!

ಪಾರ್ವತಮ್ಮನವರ ಊರು ಮೈಸೂರು ಜಿಲ್ಲೆಯ ಸಾಲಿಗ್ರಾಮ. 1953ರಲ್ಲಿ ಮದುವೆಯಾದಾಗ ವಯಸ್ಸು 13. ಗಂಡ ಆಗಿನ್ನೂ ನಾಟಕದ ಮುತ್ತುರಾಜ. ಆತನನ್ನು ರಾಜಕುಮಾರ್ ಮಾಡಿದ 'ಬೇಡರ ಕಣ್ಣಪ್ಪ' ಚಿತ್ರ ಬಂದದ್ದು ಮರುವರ್ಷ. ಆಮೇಲೆ ಮದ್ರಾಸಿನ ತುಂಬಿದ ಮನೆ, ಐದು ಮಕ್ಕಳು. 1975ರಲ್ಲಿ 'ತ್ರಿಮೂರ್ತಿ' ಚಿತ್ರದಿಂದ ನಿರ್ಮಾಪಕಿಯಾದರು. ಹಂಚಿಕೆಗೂ ಇಳಿದರು. ಒಟ್ಟು ಸುಮಾರು 80 ಚಿತ್ರ.

ಅಣ್ಣಾವ್ರು ಇದ್ದ ಮೇಲೆ ಚಿತ್ರ ಓಡದೆ ಇರುತ್ತಾ ಅಂತ ನೀವು ಕೇಳಬಹುದು. ಸರಿ, ಅವರು ಹೀರೋ ಅಲ್ಲದ ಚಿತ್ರಗಳನ್ನೇ ತೆಗೆದುಕೊಳ್ಳೋಣ.

1989ರ 'ನಂಜುಂಡಿ ಕಲ್ಯಾಣ'. ಷೇಕ್ಸ್‌ಪಿಯರ್ ನಾಟಕವೊಂದನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ' ಅಂತ ಕನ್ನಡಕ್ಕೆ ತಂದಿದ್ದರು. ಆ ನಾಟಕವೇ ಈ ಚಿತ್ರಕ್ಕೆ ಮೂಲ. ಗಯ್ಯಾಳಿ ಹುಡುಗಿಯಾಗಿ ಬಂದ ಮಾಲಾಶ್ರೀ ರಾತ್ರೋರಾತ್ರಿ ಮನೆಮಾತಾದರು. 1996ರ 'ಜನುಮದ ಜೋಡಿ'ಯ ಕತೆ ಗುಜರಾತಿನದು, ಪನ್ನಾಲಾಲ್ ಪಟೇಲರ ಕಾದಂಬರಿ. ನಾಗಾಭರಣ ಅದನ್ನು ನಮ್ಮ ಹಳ್ಳಿಯದೇ ಅನ್ನುವಂತೆ ಮಾಡಿದರು. ಅದೆಷ್ಟು ಓಡಿತು ಅಂತ ನಿಮಗೇ ಗೊತ್ತು.

ನನಗೆ ಜಾಸ್ತಿ ಅಚ್ಚರಿ 'ಓಂ' ಬಗ್ಗೆ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಕ್ಕೆ ಹೆಸರಾಗಿದ್ದ ಮನೆ ಅದು. ಅಲ್ಲಿಗೆ 1995ರಲ್ಲಿ ಉಪೇಂದ್ರ ಎಂಬ ಯುವಕ ಬೆಂಗಳೂರಿನ ಭೂಗತ ಲೋಕದ ಕತೆ ತರುತ್ತಾನೆ. ಪುರೋಹಿತರ ಮಗ ಮಚ್ಚು ಹಿಡಿಯುವ ಕತೆ. ನಿಜವಾದ ರೌಡಿಗಳೇ ಕ್ಯಾಮೆರಾ ಮುಂದೆ ನಿಂತರು. ಬೇರೆ ಯಾರಾದರೂ ಆಗಿದ್ದರೆ, "ಇದು ನಮಗಲ್ಲಪ್ಪ" ಅಂತ ಕಾಫಿ ಕೊಟ್ಟು ಕಳಿಸುತ್ತಿದ್ದರೇನೋ. ಪಾರ್ವತಮ್ಮನವರು ದುಡ್ಡು ಹಾಕಿದರು.

ಮಕ್ಕಳನ್ನೇ ಹೀರೋ ಮಾಡಿದರು ಅನ್ನುವ ಮಾತಿದೆ. ಸುಳ್ಳಲ್ಲ. ಆದರೆ ಹೀರೋ ಪಕ್ಕದಲ್ಲಿ ಯಾರಿದ್ದರು ನೋಡಿ. 'ಆನಂದ್'ನಲ್ಲಿ ಸುಧಾರಾಣಿ, 'ಅಪ್ಪು'ವಿನಲ್ಲಿ ರಕ್ಷಿತಾ, 'ಅಭಿ'ಯಲ್ಲಿ ರಮ್ಯಾ. ಎಲ್ಲರೂ ನಾಯಕಿಯಾಗಿ ಹೊಸಬರೇ. ಹೆಸರಾದ ನಟಿಯ ಕಾಲ್‌ಷೀಟಿಗೆ ಕಾಯುವ ಬದಲು ಹೊಸ ಹುಡುಗಿಯನ್ನು ನಂಬುವುದು ಸಣ್ಣ ಜೂಜಲ್ಲ. ಅವರು ಅದನ್ನು ಮತ್ತೆ ಮತ್ತೆ ಆಡಿದರು.

'ಅಪ್ಪು' ಬಂದದ್ದು 2002ರಲ್ಲಿ. ಅದಕ್ಕೆ ಎರಡೇ ವರ್ಷ ಮೊದಲು ಗಾಜನೂರಿನ ಮನೆಯಿಂದ ವೀರಪ್ಪನ್ ಅಣ್ಣಾವ್ರನ್ನು ಎತ್ತಿಕೊಂಡು ಹೋಗಿದ್ದ. 108 ದಿನ. ಅದಾದ ಮೇಲೂ ಈ ತಾಯಿ ಸಿನಿಮಾ ಬಿಡಲಿಲ್ಲ.

2017ರ ಮೇ 31ರಂದು ತೀರಿಕೊಂಡರು. ಗಂಡನ ಹಾಗೆ ಅವರ ಕಣ್ಣುಗಳೂ ದಾನವಾದವು. ಕಂಠೀರವ ಸ್ಟುಡಿಯೋದಲ್ಲಿ ಅಣ್ಣಾವ್ರ ಪಕ್ಕದಲ್ಲೇ ಅವರ ಸಮಾಧಿ. ಮುಂದಿನ ಸಲ 'ಓಂ' ಮತ್ತೆ ಥಿಯೇಟರಿಗೆ ಬಂದಾಗ, ಹೆಸರುಗಳು ಬರುವವರೆಗೆ ಕಡ್ಲೆಕಾಯಿ ಪೊಟ್ಟಣ ಬಿಚ್ಚಬೇಡಿ. ನಮಸ್ಕಾರ.