ಹೌರಾದ ತೇಲುವ ಸೇತುವೆ: ಸುಂಕ ಕಟ್ಟಿ ಹೂಗ್ಲಿ ದಾಟುತ್ತಿದ್ದ ಕಾಲ

[ದೃಶ್ಯ: ಇಂದಿನ ಹೌರಾ ಸೇತುವೆ]

ಹೌರಾ ಬ್ರಿಡ್ಜ್ ಅಂದ್ರೆ ಈ ಉಕ್ಕಿನ ಸೇತುವೆಯೇ ಕಣ್ಮುಂದೆ ಬರುತ್ತೆ. ಆದರೆ ಇದು ಸಂಚಾರಕ್ಕೆ ತೆರೆದದ್ದು 1943ರಲ್ಲಿ. ಅದಕ್ಕೂ ಮುಂಚೆ ಸುಮಾರು 70 ವರ್ಷ ಕಲ್ಕತ್ತಾ–ಹೌರಾ ನಡುವೆ ಇದ್ದದ್ದು ನೀರಿನ ಮೇಲೆ ತೇಲುತ್ತಿದ್ದ ಸೇತುವೆ.

1854ರಲ್ಲಿ ಹೌರಾದಿಂದ ರೈಲು ಓಡಾಟ ಶುರುವಾಯ್ತು. ಸ್ಟೇಷನ್ ಈ ದಡದಲ್ಲಿ, ಕಲ್ಕತ್ತಾ ಆ ದಡದಲ್ಲಿ. ಇಳಿದವರಿಗೆ ದೋಣಿಯೇ ಗತಿ. ಕೊನೆಗೆ 1871ರಲ್ಲಿ ಹೌರಾ ಸೇತುವೆ ಕಾಯ್ದೆ ಬಂತು. ಸೇತುವೆ ಕಟ್ಟೋದಕ್ಕೂ ದಾಟುವವರಿಂದ ಸುಂಕ ಪಡೆಯೋದಕ್ಕೂ ಅದರಿಂದ ದಾರಿಯಾಯ್ತು. ಕಟ್ಟಿದ ಎಂಜಿನಿಯರ್ ಬ್ರಾಡ್‌ಫರ್ಡ್ ಲೆಸ್ಲಿ, ಖರ್ಚು 22 ಲಕ್ಷ ರೂಪಾಯಿ.

[ಆನಿಮೇಷನ್: ಪಾಂಟೂನ್‌ಗಳ ಸಾಲು]

ಪಾಂಟೂನ್ ಅಂದ್ರೆ ಒಳಗೆ ಟೊಳ್ಳಾಗಿರುವ ದೋಣಿ. ಇವನ್ನು ಸಾಲಾಗಿ ಲಂಗರು ಹಾಕಿ ನಿಲ್ಲಿಸಿ, ಮೇಲೆ ರಸ್ತೆ ಹಾಸ್ತಾರೆ. ಗಾಡಿ ಹತ್ತಿದಾಗ ಕೆಳಗಿನ ಪಾಂಟೂನ್ ಸ್ವಲ್ಪ ಮುಳುಗುತ್ತೆ. ಒಂದು ಘನ ಮೀಟರ್ ನೀರು ಪಕ್ಕಕ್ಕೆ ಸರಿದರೆ ಸುಮಾರು ಒಂದು ಟನ್ ಭಾರ ಎತ್ತಿ ಹಿಡಿಯುವ ಬಲ ಸಿಗುತ್ತೆ. ಹೂಳು ತುಂಬಿದ ನದಿಯಲ್ಲಿ ಕಂಬ ನೆಡುವ ಪ್ರಶ್ನೆಯೇ ಇಲ್ಲ!

ಆದರೆ ಹೂಗ್ಲಿಗೆ ಸಮುದ್ರದ ಉಬ್ಬರವಿಳಿತ ಇದೆ. ನೀರು ಇಳಿದಾಗ ಸೇತುವೆಯೂ ಇಳಿಯುತ್ತೆ, ದಡ ಮಾತ್ರ ಇದ್ದಲ್ಲೇ ಇರುತ್ತೆ. ಆಗ ದಡ ಸೇರುವ ಭಾಗ ಕಡಿದಾದ ಏರಾಗ್ತಿತ್ತು. ಹೇರು ತುಂಬಿದ ಗಾಡಿ ಎಳೆಯುವ ಎತ್ತುಗಳ ಪಾಡು ನೆನೆದರೆ ಸಂಕಟವಾಗುತ್ತೆ.

[ದೃಶ್ಯ: ಬಿರುಗಾಳಿ, ಹಗ್ಗ ಹರಿದ ಹಡಗು]

1874ರ ಮಾರ್ಚ್ 20. ಕೆಲಸ ಮುಗಿಯುವ ಮುನ್ನವೇ ಬಿರುಗಾಳಿ. ‘ಈಜೀರಿಯಾ’ ಅನ್ನೋ ಹಡಗು ಕಟ್ಟು ಕಿತ್ತುಕೊಂಡು ಬಂದು ಸೇತುವೆಗೆ ಗುದ್ದಿತು. ಮೂರು ಪಾಂಟೂನ್ ಮುಳುಗಿದವು, ಸುಮಾರು 200 ಅಡಿ ಹಾಳಾಯ್ತು. ಆದರೂ ರಿಪೇರಿ ಮುಗಿಸಿ ಅದೇ ಅಕ್ಟೋಬರ್ 17ಕ್ಕೆ ತೆರೆದರು. ಉದ್ದ 1528 ಅಡಿ, ಅಗಲ 62 ಅಡಿ. 1879ರಲ್ಲಿ ವಿದ್ಯುತ್ ದೀಪಗಳೂ ಬಂದವು.

ನಿಜವಾದ ಜಗಳ ಇದ್ದದ್ದು ರಸ್ತೆಗೂ ಹಡಗಿಗೂ. ಹಡಗು ಹೋಗಬೇಕಾದ್ರೆ ನಡುವಿನ ಭಾಗ ಬಿಚ್ಚಬೇಕು. ಅಷ್ಟು ಹೊತ್ತು ಎರಡೂ ದಡದಲ್ಲಿ ಗಾಡಿಗಳು ಕಾಯಬೇಕು. 1906ರವರೆಗೆ ಇದೆಲ್ಲ ಹಗಲಲ್ಲೇ ನಡೀತಿತ್ತು. ಆ ವರ್ಷದ ಜೂನ್‌ನಿಂದ ರಾತ್ರಿಯೂ ತೆರೆಯತೊಡಗಿದರು. ಆದರೆ ಸಮುದ್ರಯಾನದ ದೊಡ್ಡ ಹಡಗುಗಳಿಗೆ ಆಗಲೂ ಹಗಲೇ. ಸುಂಕ ತೆತ್ತೂ ಕಾಯೋದು ಜನರಿಗೆ ತಪ್ಪಲಿಲ್ಲ.

[ದೃಶ್ಯ: ಹಳೆಯ ಫೋಟೋ, ನಂತರ ಈಗಿನ ಸೇತುವೆಯ ಕೆಳಭಾಗ]

ಅದಕ್ಕೇ ಹೊಸ ಸೇತುವೆಗೆ ನದಿಯ ಮಧ್ಯೆ ಒಂದೂ ಕಂಬ ಇಡಲಿಲ್ಲ. 1943ರ ಫೆಬ್ರವರಿಯಿಂದ ಮೇಲೆ ಗಾಡಿ, ಕೆಳಗೆ ಹಡಗು, ಯಾರೂ ಯಾರಿಗೂ ಕಾಯಬೇಕಾಗಿಲ್ಲ.