ಮೆಸ್ಸಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ನಿಮ್ಮ ಹಾಸ್ಟೆಲ್ ದಿನಾಚರಣೆಗೆ ಬನ್ನಿ ಅಂತ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. 'ವಿಶ್ವವಿದ್ಯಾನಿಲಯ ಕ್ಲಾಸಿನ ಆಚೆ ನಿಮಗೆ ಏನು ಕಲಿಸಿತು, ಅದನ್ನೇ ಮಾತಾಡಿ ಸಾರ್' ಅಂದರು. ಆಗಲಿ ಅಂದುಬಿಟ್ಟೆ. ಆಮೇಲೆ ಕೂತು ಯೋಚಿಸಿದರೆ ಮೊದಲು ನೆನಪಾದದ್ದು ಮೇಷ್ಟ್ರಲ್ಲ, ಲೈಬ್ರರಿಯೂ ಅಲ್ಲ. ಒಂದು ಎಣ್ಣೆ ಡಬ್ಬ. ಅದರ ಕತೆಗೆ ಆಮೇಲೆ ಬರುತ್ತೇನೆ.

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1982ರಿಂದ 84ರವರೆಗೆ, ಗಣಿತದಲ್ಲಿ ಎಂಎಸ್ಸಿ. ಆ ಚೆಂದದ ಹೆಸರು ಇಟ್ಟವರು ಕುವೆಂಪು, 1956ರಿಂದ 60ರವರೆಗೆ ಅವರು ಅಲ್ಲಿ ಕುಲಪತಿಗಳು. ವಿಶ್ವವಿದ್ಯಾನಿಲಯ ಅದಕ್ಕಿಂತ ಹಳೆಯದು, 1916ರದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಅಲ್ಲಿ ಒಂದು ಪದ್ಧತಿ ಇತ್ತು, ಪ್ರಚಾರೋಪನ್ಯಾಸ ಅಂತ. ಮೇಷ್ಟ್ರುಗಳು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಜನರಿಗೆ ತಿಳಿಸಬೇಕು. ಆ ಮಾತುಗಳನ್ನು ಪ್ರಸಾರಾಂಗದವರು ಪುಟ್ಟ ಪುಟ್ಟ ಪುಸ್ತಕ ಮಾಡಿ ಅಚ್ಚು ಹಾಕುತ್ತಿದ್ದರು. ನನಗೆ ಆ ಪದ್ಧತಿ ಯಾಕೆ ಇಷ್ಟ ಅಂದರೆ, ಪರೀಕ್ಷೆಯಲ್ಲಿ ಮೇಷ್ಟ್ರು ಕೇಳುತ್ತಾರೆ. ಊರಿನ ಜಗಲಿ ಮೇಲೆ ಮೇಷ್ಟ್ರನ್ನೇ ಕೇಳುತ್ತಾರೆ.

ಹಾಗೆ ಕೇಳಿಸಿಕೊಳ್ಳುವ ಸರದಿ ನನಗೂ ಬಂತು.

ಕುಕ್ಕರಹಳ್ಳಿ ಕೆರೆಯ ಆ ಕಡೆ ನಮ್ಮ ಹಾಸ್ಟೆಲ್. 62 ಜನ. ಊಟ ಡಿವೈಡಿಂಗ್ ಸಿಸ್ಟಂ. ಅಂದರೆ ತಿಂಗಳ ಖರ್ಚನ್ನೆಲ್ಲ ಕೂಡಿ, ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸುವುದು. ಬಂದ ದರವನ್ನು ಅವರವರು ಉಂಡ ದಿನಕ್ಕೆ ಗುಣಿಸಿದರೆ ಬಿಲ್. ಊರಿಗೆ ಹೋಗುವವರು ಮುಂಚೆಯೇ ಬರೆದು ಸಹಿ ಹಾಕಿದರೆ ಆ ದಿನಗಳು ಕಳೆದುಹೋಗುತ್ತವೆ, ಅದು ಮೆಸ್ ಕಟ್. ನೆಂಟರನ್ನು ಕರೆತಂದರೆ ಆ ಊಟ ಕರೆದವನ ಲೆಕ್ಕಕ್ಕೆ. ಇದನ್ನೆಲ್ಲ ನೋಡಿಕೊಳ್ಳೋದಕ್ಕೆ ಒಬ್ಬ ಮೆಸ್ ಸೆಕ್ರೆಟರಿ. ಗಣಿತದವನು ಅಂತ ನನ್ನ ಕೊರಳಿಗೆ ಕಟ್ಟಿದರು. ಗಣಿತ ಎಂಎಸ್ಸಿಯಲ್ಲಿ ಕೂಡುವ ಲೆಕ್ಕ ಇರುವುದಿಲ್ಲ ಅಂತ ಪಾಪ ಅವರಿಗೇನು ಗೊತ್ತು!

ಬೆಳಿಗ್ಗೆ ಐದೂವರೆಗೆ ಚೀಲ ಹಿಡಿದು ದೇವರಾಜ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಮೊದಲ ವಾರ ಮೇಲೆ ಹೊಳೆಯುವ ಬದನೆಕಾಯಿ ನೋಡಿ ತಂದೆ. ಅರ್ಧ ಹುಳ. ಅಡುಗೆ ಭಟ್ಟರು ಒಂದೊಂದನ್ನೇ ಸೀಳಿ ನನ್ನ ಮುಂದೆ ಸಾಲಾಗಿ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮೆಸ್ಸಿನಲ್ಲಿ ಬಳ್ಳಾರಿ ಕಡೆಯವನಿಗೆ ರೊಟ್ಟಿ ಬೇಕು, ಮಂಡ್ಯದವನಿಗೆ ಮುದ್ದೆ, ಮಂಗಳೂರಿನವನಿಗೆ ಕುಚ್ಚಲಕ್ಕಿ. ಭಟ್ಟರು ಎಲ್ಲರಿಗೂ ಒಂದೇ ಅನ್ನ ಸಾರು ಹಾಕಿ, ಎಲ್ಲರಿಂದಲೂ ಸಮನಾಗಿ ಬೈಸಿಕೊಳ್ಳುತ್ತಿದ್ದರು.

ಎರಡನೇ ತಿಂಗಳ ಕೊನೆ. ಖರ್ಚಿನ ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ರಾತ್ರಿ ಊಟದ ಹೊತ್ತಿಗೆ ಕೊಳ್ಳೇಗಾಲದ ಕಡೆಯ ಒಬ್ಬ ಹುಡುಗ ಬೋರ್ಡಿನ ಮುಂದೆ ನಿಂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದ. ಜಾಸ್ತಿ ಮಾತಿಲ್ಲದ ಹುಡುಗ. ನನ್ನ ಕಡೆ ತಿರುಗಿ, 'ಎಣ್ಣೆ ಡಬ್ಬ ನಾಲ್ಕು ಅಂತ ಬರ್ದಿದೀಯಲ್ಲ, ಬಂದಿದ್ದು ಮೂರಲ್ವಾ?' ಅಂದ. ಅಷ್ಟೂ ಜನರ ಎದುರಿಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಕಳ್ಳ ಅಂತಾನಾ ಇವನು ನನ್ನನ್ನ? 'ಬೆಳಗಿನ ಜಾವ ಎದ್ದು ನೀನು ಹೋಗು ಮಾರ್ಕೆಟ್ಟಿಗೆ' ಅಂತ ಏನೇನೋ ಕೂಗಾಡಿದೆ. ರಾತ್ರಿ ರೂಮಿನಲ್ಲಿ ಚೀಟಿ ಹರಡಿಕೊಂಡು ನೋಡಿದರೆ, ಅವನು ಹೇಳಿದ್ದೇ ಸರಿ. ಒಂದು ಡಬ್ಬವನ್ನು ಅಂಗಡಿ ಚೀಟಿಯಿಂದ ಒಮ್ಮೆ ಬರೆದಿದ್ದೆ, ದಿನವಹಿಯಿಂದ ಇನ್ನೊಮ್ಮೆ. 217 ರೂಪಾಯಿ. ತಲೆಗೆ ಹೆಚ್ಚುಕಡಿಮೆ ಮೂರೂವರೆ. ಬೆಳಿಗ್ಗೆ ಹೊಸ ಪಟ್ಟಿ ಅಂಟಿಸಿ, ತಿಂಡಿ ಹೊತ್ತಿನಲ್ಲಿ ಎಲ್ಲರ ಮುಂದೆ ತಪ್ಪಾಯಿತು ಅಂದೆ. ಅವತ್ತಿನ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ 31 ವರ್ಷ ಬ್ಯಾಂಕಿನಲ್ಲಿದ್ದೆ. ಕೌಂಟರಿನಲ್ಲಿ ಯಾರೋ ಅಜ್ಜಿ ಪಾಸ್‌ಬುಕ್ ಹಿಡಿದು 'ಇದು ಹೆಂಗಪ್ಪ ಕಮ್ಮಿ ಆಯ್ತು' ಅಂತ ಮೂರು ಸಲ ಕೇಳಿದರೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಅದು ಒಳ್ಳೆಯತನ ಅಂದುಕೊಳ್ಳಬೇಡಿ. ಸುಮ್ನೆ ಎಣ್ಣೆ ಡಬ್ಬದ ಭಯ.

ಮೂರೂವರೆ ರೂಪಾಯಿಗೆ ಅವನು ಅಷ್ಟು ಯಾಕೆ ಹಿಡಿದ ಅನ್ನೋದು ಗೊತ್ತಾದದ್ದು ಮುಂದಿನ ತಿಂಗಳು. ಕಟ್ ಪುಸ್ತಕ ನೋಡುತ್ತಿದ್ದೆ. ಪ್ರತಿ ಶನಿವಾರ, ಭಾನುವಾರ ಅವನ ಸಹಿ. ಊರಿಗೆ ಹೋಗುತ್ತಾನೆ ಅಂದುಕೊಂಡಿದ್ದೆ. ಎಲ್ಲಿಯ ಊರು? ರೂಮಿನಲ್ಲೇ ಇರುತ್ತಿದ್ದ. ಪೇಪರ್ ಹಾಸಿ ಕಡ್ಲೆಪುರಿ ತಿಂದು ಓದಿಕೊಳ್ಳುತ್ತಿದ್ದ. ಸ್ಕಾಲರ್‌ಶಿಪ್ ಹಣ ಇನ್ನೂ ಬಂದಿರಲಿಲ್ಲ. ದಿನಕ್ಕೆ ಆರು ರೂಪಾಯಿ ಉಳಿಯುತ್ತಿತ್ತು.

ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಅಂತ ಇತ್ತು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಹಾಗೆ ಉಂಡು ಓದಿ ದೊಡ್ಡವರಾದ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ ಅನ್ನೋದನ್ನು ಅಷ್ಟಾಗಿ ಹೇಳುವುದಿಲ್ಲ. ಹಾಸ್ಟೆಲ್ಲುಗಳು ಬೇಕಾದದ್ದೇ ಅದಕ್ಕೆ. ಹಾಸ್ಟೆಲ್ಲಿನಲ್ಲೇ ಒಬ್ಬ ಉಪವಾಸ ಇದ್ದಾನೆ ಅಂದರೆ?

ಭಟ್ಟರಿಗೆ ಇದು ಮೊದಲೇ ಗೊತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ಅವನನ್ನು ಅಡುಗೆಮನೆಗೆ ಕರೆದು, 'ಉಳಿದದ್ದು ಸುಮ್ನೆ ಚೆಲ್ಲಬೇಕು, ಉಣ್ಣಪ್ಪ' ಅಂತ ಬಡಿಸುತ್ತಿದ್ದರು. ನನಗೆ ಇಬ್ಬಂದಿ. ತಪ್ಪಾಯಿತು ಅಂದು ಇನ್ನೂ ತಿಂಗಳಾಗಿಲ್ಲ, ಈಗ ಲೆಕ್ಕಕ್ಕೆ ಸಿಗದ ಎಂಟು ಊಟ. ಬರೆದರೆ ಅವನ ಮಾನ ಹೋಗುತ್ತದೆ, ಬರೆಯದಿದ್ದರೆ ಪಟ್ಟಿ ಸುಳ್ಳಾಗುತ್ತದೆ. ಭಟ್ಟರನ್ನೇ ಕೇಳಿದೆ. ಅವರು ಕಡಾಯಿ ಉಜ್ಜುತ್ತಾ, 'ಬರ್ಕೊಳಿ. ಹೆಸರು ಯಾಕೆ ಬರೀತೀರಿ?' ಅಂದರು.

'ಅತಿಥಿ ಊಟ: 8' ಅಂತ ಬರೆದೆ. ಕರೆದವರ ಹೆಸರಿನ ಜಾಗ ಖಾಲಿ ಬಿಟ್ಟೆ. ಅಂದರೆ ಎಲ್ಲರ ತಲೆಗೂ ಬಿತ್ತು. ಸರಿಯೋ ತಪ್ಪೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಆಡಿಟರ್ ಯಾರಾದರೂ ಇಲ್ಲಿದ್ದರೆ ತಪ್ಪು ಅಂತಲೇ ಹೇಳುತ್ತಾರೆ.

ರಾತ್ರಿ ಅವನು ಬೋರ್ಡಿನ ಮುಂದೆ ಬಂದು ನಿಂತ. ಬೆರಳು ಸಾಲು ಸಾಲಾಗಿ ಇಳಿಯಿತು. ಎಣ್ಣೆ, ಬೇಳೆ, ಸೌದೆ. ಅತಿಥಿ ಊಟಕ್ಕೆ ಬಂದು ನಿಂತಿತು. ತುಂಬಾ ಹೊತ್ತು ಅಲ್ಲೇ ಇತ್ತು. ನಾನು ತಟ್ಟೆ ಮೇಲಿಂದ ಕಣ್ಣೆತ್ತಲಿಲ್ಲ. ಅವನು ಏನೂ ಕೇಳಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಐದೂವರೆಗೆ ನಾನು ಮಾರ್ಕೆಟ್ಟಿಗೆ ಹೊರಟಾಗ ಗೇಟಿನ ಹತ್ತಿರ ಮಫ್ಲರ್ ಸುತ್ತಿಕೊಂಡು ನಿಂತಿದ್ದ. 'ಒಂದು ಚೀಲ ಇತ್ತ ಕೊಡು' ಅಂದ.