ಮಗಳ ಊರಿನಲ್ಲಿ ನಿವೃತ್ತ ಜೀವನ: ಫ್ರೀಮಾಂಟ್‌ನಿಂದ ಕೆಲವು ಮಾತು

ವೀಕ್ಷಕರೆಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿ ನಮ್ಮ ಮಗಳ ಮನೆಯಿರುವ ಬೀದಿ. ಮಗಳು ಮತ್ತು ಅಳಿಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ ಹೊರಟ ಮೇಲೆ ಸಂಜೆಯವರೆಗೆ ಈ ಮನೆಯಲ್ಲಿ ನಾನು ಮತ್ತು ನಮ್ಮ ಯಜಮಾನರು ಇಬ್ಬರೇ ಇರುತ್ತೇವೆ. ವಯಸ್ಸಾದ ಮೇಲೆ ಪರದೇಶಕ್ಕೆ ಬರುವವರಿಗೆ ಒಂಟಿತನವೇ ದೊಡ್ಡ ಕಷ್ಟ ಎಂದು ನಾನು ಈ ಹಿಂದೆ ಹೇಳುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬೇರೆಯಾಗಿದೆ. ಎಲಿಜಬೆತ್ ಕೆರೆಯ ಸುತ್ತ ಬೆಳಗ್ಗೆ ವಾಕಿಂಗ್ ಹೋದರೆ ನಮ್ಮ ವಯಸ್ಸಿನ ಭಾರತೀಯರು ಸಿಗುತ್ತಾರೆ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವಿದೆ, ಲಿವರ್‌ಮೋರ್‌ನಲ್ಲಿ ಶಿವ-ವಿಷ್ಣು ದೇವಸ್ಥಾನವಿದೆ. ಮಾತಿಗೆ ಬರವಿಲ್ಲ. ಇಡೀ ಜೀವಮಾನ ತನ್ನ ಸಂಬಳ, ತನ್ನ ಮನೆ, ತನ್ನ ಬ್ಯಾಂಕಿನ ಕೆಲಸ ಎಲ್ಲವನ್ನೂ ತಾನೇ ನೋಡಿಕೊಂಡು ಬಂದ ಮನುಷ್ಯ, ಒಂದು ಸಣ್ಣ ಕೆಲಸಕ್ಕೂ ಮಕ್ಕಳಿಗೆ ಬಿಡುವಾಗುವುದನ್ನು ಕಾಯಬೇಕಾಗುತ್ತದಲ್ಲ, ಅದು ನಿಜವಾಗಿ ಮನಸ್ಸನ್ನು ಕುಗ್ಗಿಸುತ್ತದೆ.

ಇದು ಬಾರ್ಟ್ ರೈಲು ನಿಲ್ದಾಣ. ಕಾರು ಓಡಿಸಲು ಬಾರದ ಹಿರಿಯರಿಗೆ ಇದೊಂದು ದೊಡ್ಡ ಆಸರೆ. 65 ವರ್ಷ ತುಂಬಿದವರು ವಯಸ್ಸಿನ ದಾಖಲೆ ಕೊಟ್ಟು ಹಿರಿಯರ ಕ್ಲಿಪ್ಪರ್ ಎಂಬ ಪ್ರಯಾಣದ ಕಾರ್ಡ್ ಮಾಡಿಸಿಕೊಂಡರೆ ಬಾರ್ಟ್ ಪ್ರಯಾಣದರದಲ್ಲಿ ಶೇ 62.5ರಷ್ಟು ರಿಯಾಯಿತಿ ದೊರೆಯುತ್ತದೆ. ಮಕ್ಕಳ ಮನೆಗೆ ಬಂದಿಳಿದವರು ಪ್ರವಾಸಿ ತಾಣಗಳನ್ನು ಆಮೇಲೆ ನೋಡಲಿ; ಮೊದಲು ಈ ಕಾರ್ಡು ಮಾಡಿಸಿಕೊಳ್ಳಲಿ.

ಈಗ ಮೇಜಿನ ಮೇಲಿರುವ ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. 80 ವರ್ಷ ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶವಿದೆ. ವಿದೇಶದಲ್ಲಿರುವವರು ಭಾರತೀಯ ದೂತಾವಾಸದ ಅಧಿಕಾರಿಯಿಂದಲೋ ನೋಟರಿಯಿಂದಲೋ ಸಹಿ ಮಾಡಿಸಿ ಕಳುಹಿಸಬಹುದೆಂಬ ನಿಯಮವಿದೆ. ಆದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಅಲ್ಲಿನ ದೂತಾವಾಸದಲ್ಲಿ ಸಹಿ ಮಾಡಿಸಿ, ಮೂಲಪ್ರತಿಯನ್ನು ಮೈಸೂರಿನ ಬ್ಯಾಂಕ್ ಶಾಖೆಗೆ ಕೊರಿಯರ್ ಮಾಡಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಪತ್ರವನ್ನು ದಾಖಲಿಸಿಕೊಳ್ಳುವ ಮೊದಲು ಕೆವೈಸಿ, ಅಂದರೆ ಖಾತೆದಾರರ ಗುರುತಿನ ವಿವರ, ನವೀಕರಿಸಬೇಕು ಎಂದು ಬ್ಯಾಂಕಿನವರು ತಿಳಿಸಿದರು. ಅದಕ್ಕೆ ಬೇಕಾದ ಒಟಿಪಿ ನಮ್ಮ ಭಾರತದ ಮೊಬೈಲ್ ಸಂಖ್ಯೆಗೆ ಮಾತ್ರ ಬರುತ್ತದೆ. ರೋಮಿಂಗ್ ಸೌಲಭ್ಯಕ್ಕೆ ಹಣ ಕಟ್ಟಿದ್ದರೂ ಆ ಸಂದೇಶ ಬರುವ ವೇಳೆಗೆ ಅದರ ಅವಧಿ ಮುಗಿದಿರುತ್ತಿತ್ತು. ಶಾಖೆಗೆ ದೂರವಾಣಿ ಮಾಡೋಣವೆಂದರೆ, ಚಳಿಗಾಲದಲ್ಲಿ ಇಲ್ಲಿಗೂ ಅಲ್ಲಿಗೂ ಹದಿಮೂರೂವರೆ ಗಂಟೆಗಳ ಅಂತರ; ಅಲ್ಲಿ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದಾಗ ಇಲ್ಲಿ ಹಿಂದಿನ ರಾತ್ರಿ ಎಂಟೂವರೆ. ರಾತ್ರಿಯ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದು ಮಾತನಾಡಿದರೆ, ‘ಖಾತೆದಾರರು ಖುದ್ದಾಗಿ ಶಾಖೆಗೆ ಬರಬೇಕು’ ಎಂಬ ಒಂದೇ ಉತ್ತರ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಸುಮಾರು 14,000 ಕಿಲೋಮೀಟರ್ ದೂರವಿದೆ. ಎಪ್ಪತ್ತು ದಾಟಿದ ಮನುಷ್ಯನಿಗೆ, ಅದೂ ಸರ್ಕಾರದ ಅಧಿಕಾರಿಯೇ ಮುದ್ರೆ ಒತ್ತಿ ಕೊಟ್ಟ ಪತ್ರ ಮೇಜಿನ ಮೇಲಿರುವಾಗ, ಹೀಗೆ ಹೇಳುವುದು ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕೊನೆಗೆ ಹೊಸದಾಗಿ ಬಂದ ಮ್ಯಾನೇಜರ್ ಒಬ್ಬರು ವಿಡಿಯೋ ಕರೆಯಲ್ಲಿ ಇವರ ಮುಖ ನೋಡಿ, ಪಾಸ್‌ಪೋರ್ಟ್ ಪರಿಶೀಲಿಸಿ, ಕೆಲಸ ಮುಗಿಸಿಕೊಟ್ಟರು. ಅಷ್ಟು ದಿನವೂ ನಮ್ಮವರು, ‘ನನ್ನ ದುಡ್ಡು ನಾನೇ ನೋಡಲಾರದ ಹಾಗಾಯಿತಲ್ಲ’ ಎನ್ನುತ್ತಾ ನಿದ್ದೆಗೆಟ್ಟಿದ್ದರು.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ವಿದೇಶದಲ್ಲಿ ನೆಲೆಸಲು ಹೊರಟವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿ ಭಾರತೀಯರು ಭಾರತದಲ್ಲಿ ಬರುವ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಬದಲಾಯಿಸಿಕೊಳ್ಳಬೇಕು. ಪಿಂಚಣಿ ಅದಕ್ಕೆ ಜಮೆಯಾಗುತ್ತದೆ, ತೊಂದರೆಯಿಲ್ಲ. ಆದರೆ ಹಿರಿಯ ನಾಗರಿಕರಿಗೆ ಠೇವಣಿಯ ಮೇಲೆ ಸಿಗುವ ಹೆಚ್ಚುವರಿ ಬಡ್ಡಿ ಎನ್‌ಆರ್‌ಒ ಠೇವಣಿಗೆ ಸಿಗುವುದಿಲ್ಲ. ಜೊತೆಗೆ ಬಡ್ಡಿಯ ಶೇ 30ರಷ್ಟು ತೆರಿಗೆ, ಅದರ ಮೇಲೆ ಸೆಸ್ ಮೂಲದಲ್ಲಿಯೇ ಕಡಿತವಾಗುತ್ತದೆ. ಹೆಚ್ಚಾಗಿ ಕಡಿತವಾದದ್ದನ್ನು ರಿಟರ್ನ್ ಸಲ್ಲಿಸಿ ಹಿಂಪಡೆಯಬಹುದು, ಆದರೆ ಅದಕ್ಕೂ ಒಟಿಪಿ ಬೇಕು. ಠೇವಣಿಯ ಬಡ್ಡಿಯನ್ನೇ ನಂಬಿರುವವರು ಟಿಕೆಟ್ ಕೊಳ್ಳುವ ಮೊದಲೇ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು.

ಇವು ಊರಿನಿಂದ ತಂದ ಔಷಧಿಗಳು, ವೈದ್ಯರ ಚೀಟಿಯೂ ಜೊತೆಗಿದೆ. ಆರು ತಿಂಗಳ ಮಟ್ಟಿಗೆ ಪ್ರವಾಸಿ ವೀಸಾದಲ್ಲಿ ಬರುವವರು ಕೊಳ್ಳುವ ವಿಮೆಯಲ್ಲಿ ಮೊದಲೇ ಇದ್ದ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ನಿತ್ಯದ ಚಿಕಿತ್ಸೆ ಸಾಮಾನ್ಯವಾಗಿ ಸೇರಿರುವುದಿಲ್ಲ. ನಮ್ಮಂತೆ ಗ್ರೀನ್ ಕಾರ್ಡ್ ಪಡೆದವರಿಗೂ 65 ವರ್ಷವಾದ ಮಾತ್ರಕ್ಕೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಸಿಗುವುದಿಲ್ಲ, ಇಲ್ಲಿ ಐದು ವರ್ಷ ನಿರಂತರವಾಗಿ ವಾಸಿಸಿರಬೇಕು. ಇಲ್ಲಿ ದುಡಿದು ತೆರಿಗೆ ಕಟ್ಟಿದ ಇತಿಹಾಸವಿಲ್ಲದವರು ಅದನ್ನೂ ಪೂರ್ಣ ಬೆಲೆಗೆ ಕೊಳ್ಳಬೇಕು: 2025ರಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್, ಅದೂ ಒಬ್ಬೊಬ್ಬರಿಗೆ. ಹಲ್ಲು, ಕನ್ನಡಕ, ಶ್ರವಣ ಸಾಧನ ಅದರಲ್ಲಿಯೂ ಬರುವುದಿಲ್ಲ. ನಮ್ಮ ಐದು ವರ್ಷ ಇನ್ನೂ ತುಂಬಿಲ್ಲವಾದ್ದರಿಂದ ಮಗಳೇ ಬೇರೆ ವಿಮೆ ಕೊಂಡು ಕಂತು ಕಟ್ಟುತ್ತಿದ್ದಾಳೆ. ‘ಅಪ್ಪ, ನೀವು ಅದನ್ನು ಯೋಚಿಸಬೇಡಿ’ ಎನ್ನುತ್ತಾಳೆ. ಅವರು ಯೋಚಿಸದೆ ಇರುವುದಿಲ್ಲ. ತಂದೆತಾಯಿಯನ್ನು ಕರೆಸಿಕೊಳ್ಳುವ ಮಕ್ಕಳಿಗೆ ನಾನು ಹೇಳುವುದಿಷ್ಟೇ: ಈ ಖರ್ಚಿನ ಅಂಕಿಗಳನ್ನು ಅವರಿಂದ ಮುಚ್ಚಿಡಬೇಡಿ, ಅವರನ್ನು ಕೂರಿಸಿಕೊಂಡು ತೋರಿಸಿ, ಅವರ ಪಿಂಚಣಿಯಿಂದ ಒಂದು ಪಾಲನ್ನು ಅವರು ಕೊಡುತ್ತೇನೆಂದರೆ ತೆಗೆದುಕೊಳ್ಳಿ.

ಬ್ಯಾಟರಿ ಮುಗಿಯುತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. ಊರಿನ ಮನೆಯನ್ನು ಮಾರಿಯೇ ಬರಬೇಕೇ ಎಂದು ಹಲವರು ಕೇಳಿದ್ದೀರಿ. ಬೇಡ. ಮೊದಲು ಮಾರುವುದೇ ಒಳ್ಳೆಯದೆಂದು ನನಗೆ ಅನಿಸಿತ್ತು, ಈಗ ಬೀಗ ಹಾಕಿಯಾದರೂ ಇಟ್ಟುಕೊಳ್ಳಿ ಎನ್ನುತ್ತೇನೆ. ಆದರೆ ಗ್ರೀನ್ ಕಾರ್ಡ್ ಇದ್ದವರು ಆರು ತಿಂಗಳು ಮೀರಿ ಹೊರಗಿದ್ದರೆ ಮರಳುವಾಗ ಪ್ರಶ್ನೆಗಳೇಳುತ್ತವೆ, ಒಂದು ವರ್ಷಕ್ಕಿಂತ ಹೆಚ್ಚು ಇರಬೇಕಾದರೆ ಮರುಪ್ರವೇಶದ ಪರವಾನಗಿಗೆ ಇಲ್ಲಿಂದ ಹೊರಡುವ ಮೊದಲೇ ಅರ್ಜಿ ಹಾಕಬೇಕು. ಇವನ್ನೆಲ್ಲ ನೋಡಿಕೊಂಡು ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಈ ವರ್ಷ ದೀಪಾವಳಿಗೆ ಮೈಸೂರಿಗೆ ಹೋಗಿ, ಯುಗಾದಿಯನ್ನು ಅಲ್ಲಿಯೇ ಮುಗಿಸಿಕೊಂಡು, ಆರು ತಿಂಗಳು ತುಂಬುವ ಮೊದಲೇ ಹಿಂದಿರುಗುತ್ತೇವೆ. ನವೆಂಬರ್‌ನಲ್ಲಿ ನಮ್ಮ ಯಜಮಾನರು ತಾವೇ ಬ್ಯಾಂಕಿಗೆ ಹೋಗಿ ಸಹಿ ಹಾಕುತ್ತಾರೆ.